ಗಾಳಿಗೆ ಬಿದ್ದ ಸೀತಾಳೆ ದಂಡೆ ನಮ್ಮನೆ ಮಾವಿನ ಮರದಲ್ಲಿ ಹೂ ಬಿಟ್ಟ ಕಥೆ (ನನ್ನ ಅನುಭವ)

ಸೀತಾಳೆ ದಂಡೆ ಅಂದ್ರೆ ಮರದ ಮೇಲೆ ಬೆಳೆಯೋ ಕಾಡು ಆರ್ಕಿಡ್. 2025ರ ಮೇ ಕೊನೇಲಿ ನಮ್ಮನೆ ಅಂಗಳದ ಮಾವಿನ ಮರದಲ್ಲಿ ಅದರ 11 ಹೂದಂಡೆ ಇಳಿಬಿದ್ದಿದ್ವು. ಒಂದೊಂದೂ ಹತ್ತಿರ ಹತ್ತಿರ ಒಂದಡಿ, ಬಿಳಿ ಮೇಲೆ ನೇರಳೆ ಚುಕ್ಕೆ, ಹೂವಿನ ನಡುವಿನ ನಾಲಿಗೆಯಂಥದ್ದು ಮಾತ್ರ ಗಾಢ ನೇರಳೆ. "ತಮಾ, ಕಾಡಲ್ಲಿಪ್ಪದು ಕಾಡಲ್ಲೇ ಚಂದ, ಮನೆಗೆ ತಂದ್ರೆ ಬದುಕ್ತಿಲ್ಲೆ" ಅಂತ ಪ್ರತಿ ವರ್ಷ ಹೇಳ್ತಿದ್ದ ದೊಡ್ಡಪ್ಪ ಈ ಸಲ ಮರದ ಕೆಳಗೆ ಕುರ್ಚಿ ಹಾಕ್ಸಿಕೊಂಡು ಕೂತಿದ್ರು. ಅದಕ್ಕೇ ಧೈರ್ಯ ಮಾಡಿ ಬರೀತಿದ್ದೇನೆ.

ಮೊದಲು ಹಾಳಾದ ಲೆಕ್ಕ ಹೇಳ್ತೇನೆ. 2016ರಲ್ಲಿ ಶಿರಸಿ ಪೇಟೆಲಿ ಒಬ್ಬ ಬೇರು ಸಮೇತ ಕಿತ್ತು ತಂದಿದ್ದ ಎರಡು ಗಿಡದ ಬುಡ್ಡೆಗೆ 200 ರೂಪಾಯಿ ಕೊಟ್ಟು ತಂದೆ. ಕುಂಡ, ಇದ್ದಿಲು, ತೆಂಗಿನ ಸಿಪ್ಪೆ, ಮೇಲೆ ಶೇಡ್ ನೆಟ್, ಆಮೇಲೆ ಮಂಜಿನಂಗೆ ನೀರು ಹನಿಸೋ ಫಾಗರ್ ಬೇರೆ, ಎಲ್ಲ ಸೇರಿ ಎರಡು ವರ್ಷದಲ್ಲಿ 14-15 ಸಾವಿರ ಹೋಯ್ತು. ನಮ್ಮ ಕಡೆ ಮಳೆ ನಿಮಗೆ ಗೊತ್ತಲ್ಲ, ಜುಲೈಯಲ್ಲಿ ಸಿಪ್ಪೆ ಒಂದ್ಸಲ ನೆನೆದ್ರೆ ಸೆಪ್ಟೆಂಬರ್ ತನಕ ಒಣಗೋದಿಲ್ಲ, ಎರಡೂ ನಡುಮಧ್ಯದಿಂದ ಕೊಳೆತು ಎಲೆ ಕೈಗೆ ಕಿತ್ತು ಬಂತು. ಒಂದು ನರ್ಸರಿಯಿಂದ ಬಾಟಲಿ ಸಸಿ (ಲ್ಯಾಬಲ್ಲಿ ಬಾಟಲಿಯೊಳಗೆ ಬೆಳೆಸಿದ್ದು) ತರಿಸಿದ್ದೆ, 25ಕ್ಕೆ 1,200 ರೂಪಾಯಿ, ಮೂರು ಉಳಿದ್ವು, ಆ ಮೂರೂ ಮುಂದಿನ ಬೇಸಿಗೆ ದಾಟಲಿಲ್ಲ.

ಕುಂಡ ಬಿಟ್ಟು ಮರಕ್ಕೆ ಕಟ್ಟೋಣ ಅಂತ ಹೊರಟಾಗ ಇನ್ನೆರಡು ಪೆಟ್ಟು. ತೋಟದ ಅಡಿಕೆ ಮರಕ್ಕೆ ಕಟ್ಟಿದ್ದೆ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ದಿನ ಅದರ ನೆನಪೇ ಆಗ್ಲಿಲ್ಲ, ಮೈಲುತುತ್ತದ ನೀರು ಮೇಲಿಂದ ಇಳಿದು ಬೇರಿನ ತುದಿ ಎಲ್ಲ ಕಪ್ಪಾಗಿ ಸುಟ್ಟಂಗೆ ಆಗಿತ್ತು. ಇನ್ನೊಂದನ್ನ ಬೆಟ್ಟದ ನಂದಿ ಮರಕ್ಕೆ ಕಟ್ಟಿದ್ದೆ, ನೆಟ್ಟಗೆ ಬೆಳ್ಳಗೆ ಚಂದ ಇದೆ ಅಂತ. ನಮ್ಮ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸೋನು) ನೋಡಿ, "ಹೆಗಡೇರೇ, ನಂದಿ ಸಿಪ್ಪೆ ಬಿಚ್ಚೋ ಮರ, ನೀವು ಕಟ್ಟಿದ್ದನ್ನೂ ಸೇರಿಸಿ ಬಿಚ್ಚಿ ಒಗೀತದೆ" ಅಂದ. ಹಂಗೇ ಆಯ್ತು, ತೊಗಟೆ ಚಕ್ಕೆ ಸಮೇತ ಬುಡಕ್ಕೆ ಬಿದ್ದಿತ್ತು.

ಕೆಲಸ ಆಗಿದ್ದು ತೌಕ್ತೆ ಚಂಡಮಾರುತದ ವರ್ಷ, 2021ರ ಮೇ. ಆ ಗಾಳಿಗೆ ನಮ್ಮ ಗದ್ದೆ ಅಂಚಿನ ಹಳೇ ಮತ್ತಿ ಮರದ ಟೊಂಗೆ ಮುರಿದು ಬಿತ್ತು, ಅದರಲ್ಲಿ ದೊಡ್ಡದೊಂದು ಸೀತಾಳೆ ಗಿಡ, ಹೂ ಸಮೇತ. ಈ ಸಲ ಕೀಳೋಕೆ ಹೋಗಲಿಲ್ಲ. ಟೊಂಗೆಯನ್ನೇ ಎರಡಡಿ ತುಂಡು ಮಾಡಿ ಬಚ್ಚಲು ಮನೆ ಹಿಂದೆ ನೆರಳಲ್ಲಿ ನೇತು ಹಾಕಿದೆ, ನೀರಿಲ್ಲ ಏನಿಲ್ಲ, ಹೂವಿನ ದಂಡೆ ಮಾತ್ರ ಕತ್ತರಿಸಿ ತೆಗೆದೆ (ಮನೆಯವಳು ಮುಡ್ಕೊಂಡ್ಳು). ಜೂನ್ ಎರಡನೇ ವಾರ ಮಳೆ ಹಿಡಿದ ಮೇಲೆ ಆ ತುಂಡನ್ನ ಹಂಗೇ ಮಾವಿನ ಮರಕ್ಕೆ ಒತ್ತಿ ಕಟ್ಟಿದೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಪೂರ್ವಕ್ಕೆ ಮುಖ. ಕಟ್ಟಿದ್ದು ಹಳೇ ಪಂಚೆ ಹರಿದ ಪಟ್ಟಿಲಿ. ಪ್ಲಾಸ್ಟಿಕ್ ಹಗ್ಗ ಬೇರು ಕೊಯ್ತದೆ, ಬಾಳೆ ನಾರು ಆಗಸ್ಟಿಗೇ ಕೊಳೆತು ಬಿಡ್ತದೆ. ಸಿಪ್ಪೆ, ಪಾಚಿ ಏನೂ ಇಡಬೇಡಿ, ಬರೀ ತೊಗಟೆ ಸಾಕು. ಎಲೆ ಬುಡ್ಡೆ ಮಾತ್ರ ಹೊರಕ್ಕೆ ವಾಲಿ ಜೋತು ಬೀಳೋ ಹಂಗೆ ಇರ್ಬೇಕು, ಮೇಲ್ಮುಖ ಮಾಡಿ ಕಟ್ಟಿದ್ರೆ ನಡುವೆ ನೀರು ನಿಂತು ಮತ್ತೆ ಅದೇ ಕೊಳೆ. ಕಾಡಲ್ಲಿ ಕತ್ತೆತ್ತಿ ನೋಡಿ, ಎಲ್ಲ ವಾಲಿಕೊಂಡೇ ಇರ್ತವೆ, ನನಗೆ ಅದು ತಲೆಗೆ ಹೋಗೋಕೆ ಐದು ವರ್ಷ ಬೇಕಾಯ್ತು.

20-25 ದಿನಕ್ಕೆ ಮೊದಲ ಬೇರು ಹೊರಟಿತು. ತುದಿ ಒಂದು ಅಕ್ಕಿಕಾಳಿನಷ್ಟು, ಎಳೇ ಹಸಿರು, ಹಿಂದೆ ಇಡೀ ಬೇರು ಬೆಳ್ಳಿ ಬಣ್ಣ. ಮಳೆ ಹನಿ ಬಿದ್ದ ಕೂಡ್ಲೆ ಆ ಬೆಳ್ಳಿ ನೋಡ್ತಾ ನೋಡ್ತಾ ಹಸಿರಾಗ್ತದೆ, ಒಣಗಿದ್ರೆ ಮತ್ತೆ ಬಿಳಿ. ಈಗ ನನ್ನ ನೀರಿನ ಲೆಕ್ಕ ಎಲ್ಲ ಅದರ ಮೇಲೇ, ಫೆಬ್ರವರಿಯಿಂದ ಮೇ ತನಕ ಬೆಳಿಗ್ಗೆ ಒಂದ್ಸಲ ಪಂಪಲ್ಲಿ ಹನಿಸ್ತೇನೆ, ಬೇರು ಹಸಿರಾದ ತಕ್ಷಣ ನಿಲ್ಸ್ತೇನೆ. ಚಳಿಗಾಲಕ್ಕೆ ಇಬ್ಬನಿ ಸಾಕು. 2022ರಲ್ಲಿ ಹೂ ಇಲ್ಲ, 2023ಕ್ಕೆ ಒಂದು, 2024ಕ್ಕೆ ನಾಲ್ಕು, ಆಮೇಲೆ 11. ಒಟ್ಟು ಖರ್ಚು ಅಂದ್ರೆ ಪಂಚೆ. ಗೊಬ್ಬರಕ್ಕೆ ಅಂತ ತೆಳು ಸಗಣಿ ನೀರು ಒಂದು ಗಿಡಕ್ಕೆ ಹಾಕಿ ನೋಡಿದೆ, ಪಾಚಿ ಹಿಡೀತು ಅಷ್ಟೇ, ಬಿಟ್ಟೆ. ಕಾರವಾರದ ತಂಗಿ ಮನೇಲೂ ಒಂದು ಕಟ್ಟಿದ್ದೆ, ಸಮುದ್ರದ ಕಡೆ ಮುಖ ಇದ್ದಾಗ ಎಲೆ ತುದಿ ಒಣಗ್ತಾ ಬಂತು, ಹಲಸಿನ ಮರದ ಹಿಂಬದಿಗೆ ಬದಲಿಸಿದ ಮೇಲೆ ಸುಧಾರಿಸಿದೆ.

ಬೀಜದ್ದೂ ಒಂದು ಪ್ರಯೋಗ. 2023ರ ದಂಡೇಲಿ ಎರಡು ಕಾಯಿ ಕಟ್ಟಿತ್ತು, ಬೇಸಿಗೆಗೆ ಒಡೆಯೋ ಮೊದಲೇ ತೆಳು ಬಟ್ಟೆ ಸುತ್ತಿ ಇಟ್ಟೆ. ಬೀಜ ಅಂದ್ರೆ ಹಿಟ್ಟಿನ ಧೂಳು, ಒಳಗೆ ಆಹಾರ ಅನ್ನೋದೇ ಇಲ್ಲ, ಕಾಡಲ್ಲಿ ಸರಿಯಾದ ಶಿಲೀಂಧ್ರ ಸಿಕ್ರೆ ಮಾತ್ರ ಮೊಳಕೆ. ಹಾಗಾಗಿ ತಾಯಿ ಗಿಡದ ಬೇರಿನ ಸುತ್ತಲೇ ಉದುರಿಸಿದೆ, ಮೊದಲು ತೊಗಟೆಗೆ ಒಂದು ಸವರಿದ್ದೆ, ಅದೇನು ಅಂತ ಇನ್ನೆರಡು ಸಲ ಗ್ಯಾರಂಟಿ ಆದ ಮೇಲೆ ಹೇಳ್ತೇನೆ. ವರ್ಷದ ಮೇಲೆ ಎಳ್ಳಿನ ಗಾತ್ರದ ಹಸಿರು ಕಾಳು ಕಂಡ್ವು. ಕೊನೇ ಸಲ ಎಣಿಸಿದಾಗ 17 ಇದ್ವು, ಕೆಲವಕ್ಕೆ ಎರಡೆಲೆ.

ಹಂಗಾದ್ರೆ ಎಲ್ಲರೂ ಬೆಳೀಬೇಕಾ? ಬೆಳೀಬೇಕು, ಆದ್ರೆ ಬಿದ್ದದ್ದನ್ನ, ಇಲ್ಲಾ ಪರಿಚಯದವರು ಕೊಟ್ಟ ಮರಿಯನ್ನ. ಪೇಟೆಲಿ ಕಿತ್ತು ತಂದಿದ್ದನ್ನ ದಯವಿಟ್ಟು ತಗೋಬೇಡಿ, ನಾನು ಕೊಟ್ಟ ಆ 200 ರೂಪಾಯಿ ಇನ್ನೂ ಎದೇಲಿ ಚುಚ್ತದೆ, ನಾನು ಕೊಟ್ಟೆ ಅಂತಲೇ ಅವನು ಮುಂದಿನ ವಾರ ಮತ್ತೆ ತಂದಿದ್ದ. ಅಸ್ಸಾಂ, ಅರುಣಾಚಲ ಎರಡಕ್ಕೂ ಇದೇ ರಾಜ್ಯ ಹೂವು, ಅಸ್ಸಾಮಲ್ಲಿ ಬಿಹು ಹಬ್ಬಕ್ಕೆ ಹೆಂಗಸರು ಮುಡೀತಾರೆ. ನಮ್ಮಲ್ಲೂ ಅಜ್ಜಿ ಕಾಲದಲ್ಲಿ ಮುಡೀತಿದ್ದದ್ದೇ, ಆದ್ರೆ ಅವರು ಹೂ ಕೊಯ್ತಿದ್ರು, ಬೇರು ಕೀಳ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಶಾಲೆ ದಾರೀಲಿ ಕಾಣ್ತಿದ್ದ ಮರಗಳಲ್ಲಿ ಈಗ ಒಂದರಲ್ಲೂ ಇಲ್ಲ.

ನಮ್ಮ ಗಿಡದ ಬುಡದಲ್ಲಿ ಒಂದು ಮರಿ ಬಂದಿದೆ, ಅದಕ್ಕೇ ಮೂರು ಬೇರು ಇದೆ. ಬರೋ ಜೂನಿಗೆ ಊರ ದೇವಸ್ಥಾನದ ಎದುರಿನ ಹಲಸಿನ ಮರಕ್ಕೆ ಕಟ್ಟೋದು ಅಂತ ಮಾತಾಗಿದೆ, ದೊಡ್ಡಪ್ಪನೇ ಟೊಂಗೆ ನೋಡಿ ಇಟ್ಟಿದ್ದಾರೆ.