ಚೌಡಿ ಯಾವ ಸಾಲಿಗೆ ಬರುತ್ತಾಳೆ: ಧರ್ಮಗಳ ಪಾಠವನ್ನು ಭೂಪಟದ ಮೇಲೆ ಕಲಿಸಿದ ನನ್ನ ಅನುಭವ

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸಲು ತೊಡಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಮೊದಲ ಕೆಲವು ವರ್ಷ ಜಗತ್ತಿನ ಧರ್ಮಗಳ ಪಾಠವನ್ನು ಕರಿಹಲಗೆಯ ಮೇಲಿನ ಒಂದು ಕೋಷ್ಟಕದಲ್ಲಿಯೇ ಮುಗಿಸುತ್ತಿದ್ದೆ. ಸ್ಥಾಪಕರು, ಹುಟ್ಟಿದ ಸ್ಥಳ, ಪವಿತ್ರ ಗ್ರಂಥ, ಪ್ರಾರ್ಥನಾ ಮಂದಿರ, ಮುಖ್ಯ ಹಬ್ಬ ಎಂದು ಐದು ಕಂಬಸಾಲುಗಳನ್ನು ಎಳೆದರೆ ಮಕ್ಕಳು ಅದನ್ನು ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹಾಗೆಯೇ ಇಳಿಸುತ್ತಿದ್ದರು. ಉತ್ತರ ಪತ್ರಿಕೆಗಳಲ್ಲಿ ತಪ್ಪು ಹುಡುಕುವುದು ಕಷ್ಟವಾಗುತ್ತಿದ್ದುದರಿಂದ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದೇ ತಿಳಿದಿದ್ದೆ.

ಒಂದು ಮಳೆಗಾಲದಲ್ಲಿ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ದನಿಯೇ ನನಗೆ ಕೇಳದ ಒಂದು ಮಧ್ಯಾಹ್ನ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ನಮ್ಮ ತೋಟದ ತಲೆಯಲ್ಲಿ ಚೌಡಿ ಇದ್ದಾಳಲ್ಲ, ಅವಳು ಇದರಲ್ಲಿ ಯಾವ ಸಾಲಿಗೆ ಬರ್ತಾಳೆ?" ಎಂದು ಕೇಳಿದ. ಅವನು ತುಂಟತನಕ್ಕೆ ಕೇಳಿದ್ದಲ್ಲ. ಕೋಷ್ಟಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ತನ್ನ ಮನೆಯವರು ಪ್ರತಿ ವರ್ಷ ತಪ್ಪದೆ ಹರಕೆ ಒಪ್ಪಿಸುವ ದೇವರಿಗೆ ಅಲ್ಲಿ ಜಾಗವಿಲ್ಲದ್ದನ್ನು ಕಂಡು ಕೇಳಿದ್ದ. ಚೌಡಿಗೆ ಸ್ಥಾಪಕರಿಲ್ಲ, ಗ್ರಂಥವಿಲ್ಲ, ಮಾಡು ಗೋಡೆಗಳೂ ಇಲ್ಲ. ಮರದ ಬುಡದಲ್ಲೊಂದು ಕಲ್ಲು, ಅದಕ್ಕೆ ಹಚ್ಚಿದ ಕುಂಕುಮ, ಅಷ್ಟೆ. "ಹಿಂದೂ ಎಂದು ಬರೆದುಕೋ" ಎನ್ನಬಹುದಿತ್ತು. ಜನಗಣತಿಯವರು ಬಂದರೆ ಆ ಮನೆಯವರು ಬರೆಸುವುದೂ ಹಾಗೆಯೇ ಆದ್ದರಿಂದ ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಆ ಕಲ್ಲು ಆ ಮರದ ಬುಡದಲ್ಲಿಯೇ ಏಕಿದೆ, ಆ ಚೌಡಿ ಪಕ್ಕದವರ ತೋಟವನ್ನು ಬಿಟ್ಟು ಇದೊಂದೇ ತೋಟವನ್ನು ಏಕೆ ಕಾಯುತ್ತಾಳೆ ಎಂಬುದಕ್ಕೆ ಆ ಒಂದು ಪದದಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ತರಗತಿ ಮುಗಿಸಿದೆ.

ಮರುದಿನ ನಾನು ಉತ್ತರ ಹೇಳುವ ಬದಲು ಇಡೀ ತರಗತಿಗೆ ಒಂದು ಪ್ರಶ್ನೆ ಕೊಟ್ಟು, ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದೆ: ನಿಮ್ಮ ಕುಟುಂಬ ಊರು ಬಿಟ್ಟು ಹೋಗಬೇಕಾಗಿ ಬಂದರೆ ದೇವರನ್ನು ಹೊತ್ತುಕೊಂಡು ಹೋಗಲು ಬರುತ್ತದೆಯೇ, ಬರುವುದಾದರೆ ಏನನ್ನು ಹೊರುತ್ತೀರಿ? ಬೇರೆ ಸೀಮೆಯಲ್ಲಿ ಇದು ಬರಿಯ ಕಲ್ಪನೆಯ ಪ್ರಶ್ನೆಯಾಗಬಹುದು, ನಮ್ಮಲ್ಲಿ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆಯಲ್ಲಿ ನೀರು ನಿಂತಾಗ ಊರುಗಳೇ ಮುಳುಗಿದವು. ಮುಳುಗಡೆಯಿಂದ ಎದ್ದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ನನ್ನ ಪ್ರತಿಯೊಂದು ತರಗತಿಯಲ್ಲೂ ಇದ್ದಾರೆ.

ಅವರು ತಂದ ಉತ್ತರಗಳನ್ನು ಕೇಳುತ್ತ ನಾನು ಎರಡು ಪೀರಿಯಡ್ ಸುಮ್ಮನೆ ಕುಳಿತಿದ್ದೆ. ಒಬ್ಬನ ಮನೆಯಲ್ಲಿ ದೇವರ ವಿಗ್ರಹಗಳೆಲ್ಲ ಒಂದು ಮರದ ಪೆಟ್ಟಿಗೆಯೊಳಗಿದ್ದುದರಿಂದ ಎತ್ತಿನ ಗಾಡಿಯಲ್ಲಿ ಪಾತ್ರೆಗಳ ಜೊತೆಗೆ ಬಂದಿದ್ದವು. ಒಬ್ಬ ಹುಡುಗಿಯ ಮುತ್ತಜ್ಜ ಚೌಡಿಯ ಕಲ್ಲನ್ನು ಅಲುಗಿಸಲು ಧೈರ್ಯ ಸಾಲದೆ, ಅದರ ಬುಡದ ಮಣ್ಣನ್ನು ಒಂದು ಹಿಡಿ ಪಂಚೆಯ ತುದಿಗೆ ಕಟ್ಟಿಕೊಂಡು ಬಂದು ಹೊಸ ಮನೆಯ ಹಿತ್ತಲಿನ ಮರದಡಿ ಇಟ್ಟಿದ್ದರು. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತ ಮನೆಯ ಹುಡುಗಿ, ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಹೊಸ ತೆನೆ ಬೇಕು, ಆದರೆ ಇಲ್ಲಿಯ ಗದ್ದೆಯಲ್ಲಿ ಆಗಿನ್ನೂ ತೆನೆ ಹೊರಟಿರುವುದಿಲ್ಲವಾದ್ದರಿಂದ ಕರಾವಳಿಯ ನೆಂಟರ ಗದ್ದೆಯಿಂದ ತರಿಸುತ್ತೇವೆ ಎಂದಳು. ನಮ್ಮ ರೈತರು ಹೊಡೆ ತುಂಬಿದ ಭತ್ತವನ್ನು ಬಸುರಿ ಎಂದು ಭಾವಿಸಿ ಭೂಮಿತಾಯಿಗೆ ಬಯಕೆ ಬಡಿಸುವ ಭೂಮಿ ಹುಣ್ಣಿಮೆ ಬರುವುದು ಆಶ್ವಯುಜದಲ್ಲಿ. ಒಂದೇ ಭತ್ತ ಘಟ್ಟದ ಮೇಲೂ ಕೆಳಗೂ ಬೇರೆ ಬೇರೆ ಹೊತ್ತಿಗೆ ತೆನೆ ಬಿಡುತ್ತದೆ ಎಂಬ ಭೂಗೋಳದ ಪಾಠ ಆ ಎರಡು ಹಬ್ಬಗಳ ನಡುವಿನ ಅಂತರದಲ್ಲಿಯೇ ಇತ್ತು. ಪೇಟೆಯಲ್ಲಿ ಅಂಗಡಿ ಇಟ್ಟ ಕುಟುಂಬದ ಮುಸ್ಲಿಂ ಹುಡುಗನ ಉತ್ತರ ಎಲ್ಲಕ್ಕಿಂತ ಚಿಕ್ಕದಾಗಿತ್ತು: "ದಿಕ್ಕು ಗೊತ್ತಿದ್ದರೆ ಸಾಕು ಅಂತ ಅಜ್ಜ ಹೇಳಿದರು."

ಅಲ್ಲಿಂದ ಮುಂದೆ ನಾನು ಧರ್ಮಗಳ ಪಾಠವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿಕೊಂಡು ಬಂದಿದ್ದೇನೆ. ಕೆಲವು ನಂಬಿಕೆಗಳು ನಡೆಯುತ್ತವೆ, ಕೆಲವು ಒಂದು ಜಾಗದಲ್ಲಿ ಬೇರು ಬಿಟ್ಟು ನಿಲ್ಲುತ್ತವೆ, ನಡೆಯುವ ನಂಬಿಕೆಗಳೂ ಒಂದು ಜಾಗವನ್ನು ಮರೆಯದೆ ಇಟ್ಟುಕೊಳ್ಳುತ್ತವೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ನಾಶ ಮಾಡಿದ ಮೇಲೆ ಯೆಹೂದ್ಯರ ಬಾಳು ಗ್ರಂಥವನ್ನೂ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರವನ್ನೂ ಆಧರಿಸಿ ಮುಂದುವರಿಯಿತು. ಪಾರ್ಸಿಗಳು ಗುಜರಾತಿನ ತೀರದಲ್ಲಿ ಪ್ರತಿಷ್ಠಾಪಿಸಿದ ಪವಿತ್ರ ಅಗ್ನಿ ಹಲವು ಊರು ತಿರುಗಿ 1742ರಿಂದ ಉದ್ವಾಡಾದಲ್ಲಿ ನಂದದೆ ಉರಿಯುತ್ತಿದೆ. ಅಶೋಕನ ಮಗಳು ಸಂಘಮಿತ್ರೆ ಬೋಧಿವೃಕ್ಷದ ಒಂದು ಕೊಂಬೆಯನ್ನು ಸಿಂಹಳಕ್ಕೆ ಒಯ್ದಳೆಂದು ಬೌದ್ಧ ಪರಂಪರೆ ಹೇಳುತ್ತದೆ, ಅನುರಾಧಪುರದ ಬೋಧಿಮರವನ್ನು ಇಂದಿಗೂ ಅದರದೇ ಸಂತತಿಯೆಂದು ಪೂಜಿಸುತ್ತಾರೆ. ಮುತ್ತಜ್ಜನ ಪಂಚೆಯ ತುದಿಯ ಮಣ್ಣಿನ ಕತೆ ಕೇಳಿದ ಮಕ್ಕಳಿಗೆ ಇವು ಯಾವುವೂ ದೂರದ ಸಂಗತಿಗಳಾಗಿ ಕಾಣಲಿಲ್ಲ. ನಮ್ಮ ಕಣಿವೆ ಮುಳುಗಿದ ಅದೇ 1964ರಲ್ಲಿ, ಈಜಿಪ್ಟಿನ ಅಸ್ವಾನ್ ಅಣೆಕಟ್ಟಿನ ನೀರಿನಿಂದ ಉಳಿಸಲು ಅಬು ಸಿಂಬೆಲ್ ದೇವಾಲಯಗಳನ್ನು ಕತ್ತರಿಸಿ ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸುವ ಕೆಲಸ ಆರಂಭವಾಯಿತು ಎಂದು ಹೇಳಿದಾಗ ತರಗತಿ ಬಹಳ ಹೊತ್ತು ಮೌನವಾಗಿತ್ತು.

ಯಾತ್ರೆಯಿಂದ ಮರಳಿದವರು ಮನೆಗೆ ಏನು ತರುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಕಾಶಿಗೆ ಹೋದವರ ಮನೆಯಲ್ಲಿ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆ, ಹಜ್‌ಗೆ ಹೋದವರ ಮನೆಯಲ್ಲಿ ಕ್ಯಾನಿನಲ್ಲಿ ಮೆಕ್ಕಾದ ಜಮ್‌ಜಮ್ ಬಾವಿಯ ನೀರು. ಗಂಗಾ ಸ್ನಾನ, ತುಂಗಾ ಪಾನ ಎಂದು ಮಾತು ಕಟ್ಟಿದ ನಾಡಿನ ಮಕ್ಕಳಿಗೆ ನೀರನ್ನು ಮನೆಗೆ ಹೊತ್ತು ತರುವುದರ ಅರ್ಥವನ್ನು ನಾನು ವಿವರಿಸಬೇಕಾಗಲೇ ಇಲ್ಲ. ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಮೆಕ್ಕಾದಲ್ಲಿ ಒಂದು ಬಾವಿಗೆ ಏನು ಬೆಲೆ ಎಂಬುದನ್ನು ಮಾತ್ರ, ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯ ಅಂಕಿಯನ್ನು ಪಕ್ಕದಲ್ಲಿಟ್ಟು ತೋರಿಸಿದೆ.

"ದಿಕ್ಕು ಗೊತ್ತಿದ್ದರೆ ಸಾಕು" ಎಂಬ ಅಜ್ಜನ ಮಾತಿನಿಂದ ನನಗೆ ದೊರೆತ ಪಾಠ ಇಂದಿಗೂ ನನ್ನ ಅತ್ಯಂತ ಪ್ರೀತಿಯ ಪಾಠ. ಗೋಡೆಯ ಭೂಪಟದ ಮೇಲೆ ಸಾಗರದಿಂದ ಮೆಕ್ಕಾಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದು ಕೋನಮಾಪಕದಿಂದ ಅಳೆದರೆ, ಅದು ನೇರ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ ವಾಲುತ್ತದೆ. ಅದೇ ಎರಡು ಊರುಗಳ ನಡುವೆ ಭೂಗೋಳದ ಗೋಲದ ಮೇಲೆ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹೊರಡುವ ದಿಕ್ಕು ಇನ್ನೂ ಉತ್ತರಕ್ಕೆ ಸರಿದು 17 ಡಿಗ್ರಿಗೆ ಬರುತ್ತದೆ. ಮಕ್ಕಳು ಅಳತೆ ತಪ್ಪಾಯಿತೆಂದು ಮತ್ತೆ ಮತ್ತೆ ಅಳೆಯುತ್ತಾರೆ, ಅಳೆಯಲಿ ಎಂದು ನಾನು ಬಿಡುತ್ತೇನೆ. ಆಮೇಲೆ ನೂಲನ್ನು ನ್ಯೂಯಾರ್ಕಿನಿಂದ ಹಿಡಿಯಲು ಹೇಳಿದರೆ, ಚಪ್ಪಟೆ ಭೂಪಟದಲ್ಲಿ ಆಗ್ನೇಯಕ್ಕೆ ಕಾಣುವ ಮೆಕ್ಕಾ ಗೋಲದ ಮೇಲೆ ಈಶಾನ್ಯ ದಿಕ್ಕಿಗೆ ತಿರುಗುತ್ತದೆ, ಅಲ್ಲಿಯ ಹೆಚ್ಚಿನ ಮಸೀದಿಗಳು ಮುಖ ಮಾಡಿರುವುದೂ ಈಶಾನ್ಯಕ್ಕೇ. ಉಬ್ಬಿದ ಭೂಮಿಯನ್ನು ಹಾಳೆಯ ಮೇಲೆ ಹರಡಿದಾಗ ಏನು ಕೆಡುತ್ತದೆ ಎಂಬುದನ್ನು ನಾನು ವರ್ಷಗಟ್ಟಲೆ ಕಿತ್ತಳೆ ಸಿಪ್ಪೆಯಿಂದ ಕಲಿಸಿದ್ದೆ. ಒಂದು ನೂಲು, ಪ್ರಾರ್ಥಿಸುವ ಒಬ್ಬ ಮನುಷ್ಯ, ಅವನು ನಿಜವಾಗಿ ತಿಳಿಯಬೇಕಾದ ಒಂದು ದಿಕ್ಕು ಇಷ್ಟು ಸೇರಿದಾಗ ಅದು ಮಕ್ಕಳ ಮನಸ್ಸಿಗೆ ಇಳಿದಷ್ಟು ಸಿಪ್ಪೆಯಿಂದ ಎಂದೂ ಇಳಿದಿರಲಿಲ್ಲ.

ಮಳೆಯ ಪಾಠವನ್ನು ನಾನು ಬೇಕೆಂದೇ ಆಷಾಢಕ್ಕೆ ಇಟ್ಟುಕೊಳ್ಳುತ್ತೇನೆ. ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುವುದೇಕೆ ಎಂದು ಕೇಳಿದರೆ, ಶಾಲೆಗೆ ಬರುವ ದಾರಿಯಲ್ಲಿ ಉಂಬಳ (ಜಿಗಣೆ) ಕಿತ್ತೆಸೆದು, ಕಪ್ಪೆ ಮರಿ ತುಳಿಯದಂತೆ ಹೆಜ್ಜೆ ಇಟ್ಟು ಬಂದ ಮಕ್ಕಳು ಪುಸ್ತಕ ತೆರೆಯದೆ ಉತ್ತರ ಹೇಳುತ್ತಾರೆ. ಬೌದ್ಧ ಭಿಕ್ಷುಗಳ ವರ್ಷಾವಾಸ, ನಮ್ಮ ಮಠಗಳ ಸ್ವಾಮಿಗಳ ಚಾತುರ್ಮಾಸ್ಯ ಎಲ್ಲವೂ ಒಂದೇ ಮುಂಗಾರಿನಡಿ ಬೆಳೆದ ವ್ರತಗಳು. ಅದೇ ಹೊತ್ತಿಗೆ ಜೆರುಸಲೇಮಿನಲ್ಲಿ ಬಿರುಬೇಸಿಗೆ, ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಆದ್ದರಿಂದಲೇ ಯೆಹೂದ್ಯರು ಮಳೆಗಾಗಿ ವಿಶೇಷ ಪ್ರಾರ್ಥನೆ ಸಲ್ಲಿಸುವುದು ಶರತ್ಕಾಲದಲ್ಲಿ. ಮೆಡಿಟರೇನಿಯನ್ ವಾಯುಗುಣದ ಲಕ್ಷಣಗಳನ್ನು ಮಕ್ಕಳು ಆ ಪ್ರಾರ್ಥನೆಯ ತಿಂಗಳಿನಿಂದ ನೆನಪಿಟ್ಟುಕೊಳ್ಳುತ್ತಾರೆ. ಇಸ್ಲಾಮಿನ ಚಾಂದ್ರ ವರ್ಷ ಸುಮಾರು 354 ದಿನಗಳದ್ದು, ಅದರಲ್ಲಿ ಅಧಿಕ ಮಾಸವಿಲ್ಲ, ಹೀಗಾಗಿ ರಂಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ. 2015ರಲ್ಲಿ ಜೂನ್–ಜುಲೈ ತಿಂಗಳ ಜಡಿಮಳೆಯಲ್ಲಿ ಬಂದ ಉಪವಾಸ 2025ರಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಬಂದಿತ್ತು.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಷ್ಟೆಲ್ಲ ಹೊಂದಿಕೆಗಳನ್ನು ಕಂಡ ಮಕ್ಕಳು, ಮರುಭೂಮಿಯಿಂದ ಒಂದು ಧರ್ಮ, ಕಾಡಿನಿಂದ ಇನ್ನೊಂದು ಧರ್ಮ ಹುಟ್ಟಿತು ಎಂದು ಬರೆಯತೊಡಗುತ್ತಾರೆ, ಮೊದಮೊದಲು ನಾನೂ ಅದನ್ನು ಮೆಚ್ಚಿ ಅಂಕ ಕೊಟ್ಟಿದ್ದೇನೆ. ಅದು ತಪ್ಪು. ನೆಲವು ಆಚರಣೆಗೆ ಹೊತ್ತು, ದಿಕ್ಕು, ಧಾನ್ಯ ಕೊಡಬಹುದು, ಆದರೆ ನಂಬಿಕೆಯನ್ನು ನೆಲವೊಂದೇ ಹುಟ್ಟಿಸುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಸಾಲಿನಲ್ಲಿ ಮುಂದೆ ನಿಲ್ಲುವ ಇಂಡೋನೇಷ್ಯಾ ಸಮಭಾಜಕ ವೃತ್ತದ ಮೇಲಿನ ಮಳೆಕಾಡಿನ ನಾಡು. ಆ ಒಂದು ಉದಾಹರಣೆಯನ್ನು ಮುಂದಿಟ್ಟು, ವ್ಯಾಪಾರದ ಹಡಗುಗಳ ದಾರಿಯನ್ನೂ ಮುಂಗಾರು ಮಾರುತಗಳ ದಿಕ್ಕನ್ನೂ ಭೂಪಟದಲ್ಲಿ ಗುರುತಿಸಿದ ಮೇಲೆ ಮಾತ್ರ ನಾನು ಈ ಘಟಕವನ್ನು ಮುಗಿಸುತ್ತೇನೆ.

ನನ್ನಿಂದಾದ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದು ವರ್ಷ ತರಗತಿಯಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ ಇದ್ದಳು, "ನಿಮ್ಮ ಧರ್ಮದ ಬಗ್ಗೆ ನೀನೇ ಹೇಳಮ್ಮ" ಎಂದು ಅವಳನ್ನು ಎದ್ದು ನಿಲ್ಲಿಸಿದೆ. ಅವಳಿಗೆ ಗೌರವ ಕೊಡುತ್ತಿದ್ದೇನೆ ಎಂದೇ ನಾನು ಭಾವಿಸಿದ್ದೆ. ನಲವತ್ತು ಜೋಡಿ ಕಣ್ಣುಗಳ ಮುಂದೆ ಆ ಹದಿನಾಲ್ಕರ ಮಗು ಬೆವರಿ, ಒಂದು ಮಾತೂ ಆಡದೆ ಕುಳಿತುಕೊಂಡಿತು, ಆಮೇಲೆ ಎರಡು ದಿನ ಶಾಲೆಗೆ ಬರಲಿಲ್ಲ. ನಾನು ಅವಳ ಮನೆಗೆ ಹೋಗಿ ಅವಳ ತಾಯಿಯ ಕ್ಷಮೆ ಕೇಳಿದೆ. ಅಂದಿನಿಂದ ಯಾವ ಮಗುವನ್ನೂ ಒಂದು ಧರ್ಮದ ಪರವಾಗಿ ಮಾತನಾಡಲು ನಿಲ್ಲಿಸಿಲ್ಲ. ಮನೆಯಿಂದ ತಂದ ಉತ್ತರಗಳನ್ನು ಈಗ ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಳ್ಳುತ್ತೇನೆ, ತಾನಾಗಿ ಹೇಳಲು ಬಯಸಿದವರು ಮಾತ್ರ ಎದ್ದು ಹೇಳುತ್ತಾರೆ.

ಪೋಷಕರೊಬ್ಬರು ಬಂದು, "ಮಕ್ಕಳಿಗೆ ಬೇರೆ ಧರ್ಮ ಹೇಳಿಕೊಡ್ತಿದ್ದೀರಂತೆ" ಎಂದು ಕೇಳಿದ್ದೂ ಉಂಟು. ಅವರನ್ನು ಕೂರಿಸಿ, ಸಂವಿಧಾನದ 28ನೇ ವಿಧಿ ಸಂಪೂರ್ಣ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ, ಆದರೆ ಧರ್ಮಗಳ ಬಗ್ಗೆ ತಿಳಿಸುವ ಶಿಕ್ಷಣ ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ ಎಂದು ವಿವರಿಸಿದೆ. ಅವರಿಗೆ ನೆಮ್ಮದಿ ತಂದದ್ದು ಆ ತೀರ್ಪಿಗಿಂತ ಹೆಚ್ಚಾಗಿ ಮಗನ ನೋಟ್ ಪುಸ್ತಕ. ಅದರಲ್ಲಿ ಅವರದೇ ತೋಟದ ನಕ್ಷೆ, ಚೌಡಿಯ ಮರ, ಆ ಮರದಡಿಯಿಂದ ಹೊರಡುವ ಒರತೆ ಇದ್ದವು.

ವರ್ಷಕ್ಕೊಮ್ಮೆ ಸಾಧ್ಯವಾದಾಗ ಮಕ್ಕಳನ್ನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಕರೆದೊಯ್ಯುತ್ತೇನೆ. ಅಲ್ಲಿಯ ಕೋಡಿಯ ಮಠವನ್ನು 1162ರ ಶಾಸನವೊಂದು ವೇದ, ವ್ಯಾಕರಣಗಳ ಜೊತೆಗೆ ಬೌದ್ಧವೇ ಮೊದಲಾದ ದರ್ಶನಗಳನ್ನು ವ್ಯಾಖ್ಯಾನಿಸುವ ಸ್ಥಳವೆಂದೂ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ನೀಡುವ, ರೋಗಿಗಳಿಗೆ ಮದ್ದು ಕೊಡುವ ಸ್ಥಳವೆಂದೂ ವರ್ಣಿಸುತ್ತದೆ. ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಕುಳಿತು ಆ ಪಟ್ಟಿಯನ್ನು ನಾನು ನಿಧಾನವಾಗಿ ಓದುತ್ತೇನೆ, ಅದಕ್ಕೆ ವಿವರಣೆ ಸೇರಿಸುವುದಿಲ್ಲ.

ಕೋಷ್ಟಕವಿದ್ದ ಜಾಗದಲ್ಲಿ ಈಗ ನಮ್ಮ ತರಗತಿಯ ಗೋಡೆಯ ಮೇಲೆ ಮಕ್ಕಳೇ ಬರೆದ ತಾಲ್ಲೂಕಿನ ದೊಡ್ಡ ನಕ್ಷೆಯಿದೆ. ಗುಡಿ, ಮಸೀದಿ, ಚರ್ಚ್, ಬಸದಿಗಳ ಜೊತೆಗೆ ನಾಗಬನ, ಮಾಸ್ತಿಕಲ್ಲು, ಚೌಡಿಯ ಮರಗಳಿಗೂ ಅದರಲ್ಲಿ ಚಿಹ್ನೆಗಳಿವೆ, ಪ್ರತಿಯೊಂದರ ಪಕ್ಕದಲ್ಲಿ ಹತ್ತಿರದ ಕೆರೆಯನ್ನೋ ಹಳ್ಳವನ್ನೋ ಗುರುತಿಸಿದ್ದಾರೆ. ಹಿನ್ನೀರಿನ ನೀಲಿ ಭಾಗ ಮೊದಲು ಖಾಲಿಯಿತ್ತು. ಮಣ್ಣು ಕಟ್ಟಿಕೊಂಡು ಬಂದ ಮುತ್ತಜ್ಜನ ಮನೆಯ ಹುಡುಗಿ ಒಂದು ದಿನ ಆ ನೀಲಿಯೊಳಗೆ ಚುಕ್ಕೆಗಳಿಂದ ಒಂದು ಮರ ಬರೆದಳು. ಬೇಸಿಗೆಯಲ್ಲಿ ನೀರು ಇಳಿದ ವರ್ಷ ಆ ಕಲ್ಲು ಕಾಣುತ್ತದಂತೆ, ಆಗ ಮನೆಯವರೆಲ್ಲ ಕೆಸರು ದಾಟಿ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರಂತೆ. ಹೀಗೆ ಕೆಲವು ವಾರ ಮಾತ್ರ ಇರುವ ಜಾಗಕ್ಕೆ ಯಾವ ಚಿಹ್ನೆ ಹಾಕಬೇಕೆಂದು ನನ್ನನ್ನು ಕೇಳಿದಳು. ನಕ್ಷೆಯ ಸೂಚಿಯಲ್ಲಿ ಚುಕ್ಕೆಯ ಮರದ ಮುಂದೆ "ಮೇ ತಿಂಗಳಲ್ಲಿ, ನೀರು ಇಳಿದರೆ" ಎಂದು ಅವಳ ಕೈಯಿಂದಲೇ ಬರೆಸಿದೆ. ಅದರ ಕೆಳಗೆ ಬೇರೆ ಮಕ್ಕಳು ಸೇರಿಸಿದ ಇನ್ನೂ ಒಂಬತ್ತು ಚುಕ್ಕೆಯ ಮರಗಳಿವೆ.