ಚಂದ್ರನ ಫೋಟೊಗೆ ಹುಣ್ಣಿಮೆ ಬೇಡ, ಅಷ್ಟಮಿ ಬರಲಿ

ಹೊಸದಾಗಿ ದೂರದರ್ಶಕ ಕೊಂಡವರು ಹುಣ್ಣಿಮೆಗೆ ಕಾಯುತ್ತಾರೆ. ಫೋಟೊಗೆ ಅದರಷ್ಟು ಸಪ್ಪೆ ರಾತ್ರಿ ಇನ್ನೊಂದಿಲ್ಲ. ಅಂದು ಚಂದ್ರನ ಮೇಲೆ ಬಿಸಿಲು ನೇರ ಎದುರಿನಿಂದ ಬೀಳುವುದರಿಂದ ಕುಳಿಗಳಿಗೆ ನೆರಳೇ ಇರುವುದಿಲ್ಲ. ಟೈಕೋ ಕುಳಿಯಿಂದ ಚದುರಿದ ಬಿಳಿ ಗೆರೆಗಳಷ್ಟೇ ಲಾಭ. ಶುಕ್ಲ ಪಂಚಮಿಯಿಂದ ದಶಮಿಯವರೆಗೆ ಬೆಳಕು-ಕತ್ತಲೆ ಕೂಡುವ ಅಂಚನ್ನು ನೋಡಿ. ಅಷ್ಟಮಿಯ ಆಸುಪಾಸಿನಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಕುಳಿಗಳು ಸಾಲಾಗಿ ಎದ್ದು ಕಾಣುತ್ತವೆ. ದಶಮಿಯ ಹೊತ್ತಿಗೆ ಕೋಪರ್ನಿಕಸ್.

6 ಇಂಚಿನ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ (ಪೆಟ್ಟಿಗೆಯಂಥ ಆಸರೆಯ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ), ಒಂದು ಫೋನು, ಅದನ್ನು ಹಿಡಿಯುವ ಅಡಾಪ್ಟರ್ ಇದ್ದರೆ ಶುರುಮಾಡಬಹುದು. 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ. 48 ಪಟ್ಟು ವರ್ಧನೆಯಲ್ಲಿ ಇಡೀ ಚಂದ್ರ ಹಿಡಿಸುತ್ತಾನೆ. 10 ಮಿ.ಮೀ. ಐಪೀಸಿನ ಆಸೆ ಮೊದಲ ದಿನವೇ ಬೇಡ: ಚಿತ್ರ ದೊಡ್ಡದಾದಷ್ಟೂ ನಡುಕವೂ ದೊಡ್ಡದು.

ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಕನ್ನಡಿ ತಣಿಯದಿದ್ದರೆ ಚಂದ್ರನ ಅಂಚು ಹರಿಯುವ ನೀರಿನೊಳಗಿನ ಕಲ್ಲಿನಂತೆ ಅಲುಗುತ್ತದೆ. ಹಗಲೆಲ್ಲ ಕಾದ ತಾರಸಿಯೂ ಇದೇ ತೊಂದರೆ ಕೊಡುತ್ತದೆ. ಮಣ್ಣಿನ ಅಂಗಳ ಮೇಲು. ಫಾಲ್ಗುಣ-ಚೈತ್ರದ ಅಷ್ಟಮಿ ಚಂದ್ರ ನಮ್ಮಲ್ಲಿ ಸಂಜೆಗೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಅಲ್ಲಿ ಡಾಬ್ಸೋನಿಯನ್ ತಿರುಗಿಸುವುದೇ ಪಾಡು, ಒಂದೆರಡು ಗಂಟೆ ಬಿಟ್ಟು ಅವನು ಪಡುವಣಕ್ಕೆ ವಾಲಲಿ.

ಅಡಾಪ್ಟರನ್ನು ಕತ್ತಲಲ್ಲಿ ತಡಕಾಡಬೇಡಿ. ಐಪೀಸನ್ನು ಕೈಗೆ ತೆಗೆದುಕೊಂಡು, ಮನೆಯೊಳಗೆ ಬೆಳಕಿನ ಗೋಡೆಗೆ ಹಿಡಿದು, ಫೋನಿನ ಮುಖ್ಯ ಕ್ಯಾಮೆರಾ (1x) ಅದರ ನಡುವಿಗೆ ಬರುವಂತೆ ತಿರುಪು ಬಿಗಿಮಾಡಿ. ಪರದೆಯಲ್ಲಿ ದುಂಡನೆಯ ಬೆಳಕು ಕಾಣಬೇಕು. ಒಂದು ಬದಿಗೆ ಕಪ್ಪು ಕವಿದರೆ ಫೋನು ಸರಿದಿದೆ ಎಂದರ್ಥ. ಜೂಮ್ ಮಾಡಿದಾಗ ಕೆಲವು ಫೋನುಗಳು ತಾವಾಗಿಯೇ ಬೇರೆ ಲೆನ್ಸಿಗೆ ಹಾರಿ ಪರದೆ ಕಪ್ಪಾಗುತ್ತದೆ. ಫೋನಿನ ಭಾರಕ್ಕೆ ಕೊಳವೆಯ ಮೂತಿ ತಗ್ಗಿದರೆ ಹಿಂಬದಿಗೆ ಮರಳಿನ ಪುಟ್ಟ ಚೀಲ ಕಟ್ಟಿ.

ಎಲ್ಲರೂ ಎಡವುವುದು ಎಕ್ಸ್‌ಪೋಶರಿನಲ್ಲಿ. ಸುತ್ತಲಿನ ಕಪ್ಪು ಆಕಾಶ ನೋಡಿ ಫೋನು ಬೆಳಕು ಏರಿಸುತ್ತದೆ, ಚಂದ್ರ ಬಿಳಿ ಬಿಲ್ಲೆಯಾಗುತ್ತಾನೆ. ಅವನು ಬಿಸಿಲಲ್ಲಿ ಬಿದ್ದಿರುವ ಬೂದು ಬಂಡೆ ಎಂದುಕೊಳ್ಳಿ. ನೈಟ್ ಮೋಡ್, ಎಐ ವರ್ಧನೆ ಆಫ್ ಮಾಡಿ, ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡಿನಲ್ಲಿ ಬೆಳಕಿನ ಸೂಕ್ಷ್ಮತೆ ಐಎಸ್‌ಒ 50, ಶಟರ್ 1/250 ಸೆಕೆಂಡಿನಿಂದ ಶುರುಮಾಡಿ. ಹುಣ್ಣಿಮೆಗೆ 1/2000ದ ಹತ್ತಿರ ಬೇಕಾದೀತು.

ಫೋಕಸನ್ನು ದುಂಡು ಅಂಚಿನ ಮೇಲಲ್ಲ, ನೆರಳಿನ ಗಡಿಯ ಕುಳಿಯೊಂದರ ಮೇಲೆ ಹೊಂದಿಸಿ. ಬೆರಳು ತಾಗಿದರೂ ಕೊಳವೆ ನಡುಗುತ್ತದೆ, ಹಾಗಾಗಿ 2 ಸೆಕೆಂಡಿನ ಟೈಮರ್ ಇಡಿ. ಚಂದ್ರ ತನ್ನ ಅಗಲದಷ್ಟು ಜಾರಲು ಸುಮಾರು 2 ನಿಮಿಷ ಹಿಡಿಯುವುದರಿಂದ ಅವಸರವಿಲ್ಲ. ಮೂವತ್ತು ನಲವತ್ತು ಫೋಟೊ ತೆಗೆದರೆ ಗಾಳಿ ತಟಸ್ಥವಾದ ಗಳಿಗೆಯ ಒಂದೆರಡು ಸಿಗುತ್ತವೆ. ಇನ್ನೂ ಬೇಕೆನ್ನುವವರು ಒಂದು ನಿಮಿಷದ ವಿಡಿಯೊ ತೆಗೆದು, ಉಚಿತ ತಂತ್ರಾಂಶ ಆಟೋಸ್ಟಾಕರ್ಟ್‌ನಲ್ಲಿ ಒಳ್ಳೆಯ ಶೇ 20ರಷ್ಟು ಫ್ರೇಮುಗಳನ್ನು ಮಾತ್ರ ಒಂದರ ಮೇಲೊಂದು ಪೇರಿಸಬಹುದು.

ಡಿಎಸ್‌ಎಲ್‌ಆರ್ ಜೋಡಿಸುವವರಿಗೆ ಒಂದು ಮಾತು. ಹಲವು ಡಾಬ್ಸೋನಿಯನ್‌ಗಳಲ್ಲಿ ಫೋಕಸರ್ (ಐಪೀಸ್ ಕೂರುವ, ಒಳಗೆ ಹೊರಗೆ ಸರಿಯುವ ಭಾಗ) ಎಷ್ಟು ಒಳಸರಿದರೂ ಚಿತ್ರ ಸ್ಫುಟವಾಗುವುದಿಲ್ಲ. ದೂರದರ್ಶಕ ಕೆಟ್ಟಿಲ್ಲ, ನಾಭಿ ಕ್ಯಾಮೆರಾದ ಸೆನ್ಸರಿನವರೆಗೆ ತಲುಪುತ್ತಿಲ್ಲ ಅಷ್ಟೆ. ನಡುವೆ 2x ಬಾರ್ಲೋ (ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವ ಮಸೂರ) ಹಾಕಿದರೆ ಸಾಮಾನ್ಯವಾಗಿ ತಲುಪುತ್ತದೆ.

ಕೊನೆಗೆ, ಡಾಬ್ಸೋನಿಯನ್ ಚಿತ್ರ ತಲೆಕೆಳಗಾಗಿರುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಸಾಕು, ಎಡಬಲ ಅದಲುಬದಲು ಮಾಡಬೇಡಿ.