ಪದಕ್ಕೊಂದು ವಿಳಾಸ: ಇತಿಹಾಸ, ಭೂಗೋಳದ ಪದಗಳನ್ನು ಕೊಡಗಿನ ಮಕ್ಕಳಿಗೆ ಕಲಿಸಿದ ನನ್ನ ಅನುಭವ

ಸಮಾಜ ವಿಜ್ಞಾನದ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿಸದೆ ಬೇರೆ ದಾರಿಯಿಲ್ಲ ಎಂದು ನನ್ನ ಸಹೋದ್ಯೋಗಿಗಳು ವರ್ಷಗಟ್ಟಲೆ ಹೇಳುತ್ತ ಬಂದರು. ಈಗ ಅವರೇ ನನ್ನ ನೋಟ್ ಪುಸ್ತಕ ಕೇಳಿ ಪಡೆಯುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ತರಗತಿಯಲ್ಲಿ ನಿಯಮ ಒಂದೇ. ಯಾವ ಪದಕ್ಕೂ ಕೊಡಗಿನೊಳಗೆ ಒಂದು ವಿಳಾಸ ಸಿಗುವ ತನಕ ಅದನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ. ವಿಳಾಸ ಎಂದರೆ ಒಂದು ಊರು, ಒಂದು ಮರ, ಒಬ್ಬ ವ್ಯಕ್ತಿ, ಪತ್ರಿಕೆಯಲ್ಲಿ ಬಂದ ಒಂದು ದರ, ಏನು ಬೇಕಾದರೂ ಆಗಬಹುದು. ವಿಳಾಸ ಸಿಕ್ಕ ಮೇಲೆ ವ್ಯಾಖ್ಯೆ, ವ್ಯಾಖ್ಯೆಯ ಮೇಲೆ ಭೂಪಟ. ಈ ಕ್ರಮವನ್ನು ನಾನು ತಿರುಗಿಸುವುದಿಲ್ಲ.

ಇದಕ್ಕೆ ಮೊದಲು ಹಣ ಸುರಿದದ್ದೆಲ್ಲ ಮಳೆಯ ಪಾಲಾಯಿತು. ಬಣ್ಣದ ಪದಪಟ್ಟಿಗಳನ್ನು ಮುದ್ರಿಸಿ ಲ್ಯಾಮಿನೇಟ್ ಮಾಡಿಸಲು ಸುಮಾರು ಮೂರು ಸಾವಿರ ರೂಪಾಯಿ ಆಯಿತು. ಜೂನ್ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಅಂಚಿನಿಂದ ತೇವ ಒಳಹೊಕ್ಕಿತು, ಆಗಸ್ಟಿನಲ್ಲಿ ಯುರೋಪ್ ಖಂಡದ ಮೇಲೆ ಬೂಷ್ಟು ಬೆಳೆಯಿತು. ದಾನಿಯೊಬ್ಬರ ನೆರವಿನಿಂದ ಹೊರಗೋಡೆಗೆ ಪ್ರಪಂಚದ ಭೂಪಟ ಬರೆಸಿದೆವು. ಕಲಾವಿದರ ಕೂಲಿಯೂ ಬಣ್ಣವೂ ಸೇರಿ ಎಂಟು ಸಾವಿರದ ಹತ್ತಿರ. ಎರಡು ಮಳೆಗಾಲ ಕಳೆದ ಮೇಲೆ ಪಾಚಿ ಹಿಡಿದು ಸಾಗರವೂ ಖಂಡವೂ ಒಂದೇ ಹಸಿರು. ಟಿವಿ ಬಂತು, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ವಿದ್ಯುತ್ ಇಲ್ಲ. ಜುಲೈ ತಿಂಗಳಲ್ಲಿ ಮಳೆ ರಜೆಗಳು ಬೇರೆ. ಗೋಡೆಯ ಮೇಲೆ ನಿಲ್ಲುವ ಯಾವ ವಿಧಾನವೂ ನಮ್ಮ ಜಿಲ್ಲೆಗೆ ಒಗ್ಗುವುದಿಲ್ಲ. ಮಗು ಮನೆಯಲ್ಲಿ ಕುಳಿತಾಗಲೂ ಕಣ್ಣೆದುರು ಇರುವಂಥದ್ದು ಬೇಕಿತ್ತು.

ಮೊದಲ ವಿಳಾಸ ಸಿಕ್ಕಿದ್ದು ಕಾಫಿ ದರದಲ್ಲಿ. 2021ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ಪ್ರದೇಶದಲ್ಲಿ ಇಬ್ಬನಿ ಹೆಪ್ಪುಗಟ್ಟುವಂಥ ಹಿಮ ಬಿದ್ದು ಗಿಡಗಳು ಸುಟ್ಟುಹೋದವು, ಅರೇಬಿಕಾ ಕಾಫಿಯ ದರ ಏರಿತು. ಮನೆಯಲ್ಲಿ ಹಿರಿಯರು ಆಡಿದ ಮಾತನ್ನು ಕೇಳಿಸಿಕೊಂಡ ಹುಡುಗಿಯೊಬ್ಬಳು ತರಗತಿ ಮತ್ತೆ ನಡೆಯತೊಡಗಿದಾಗ ಕೇಳಿದಳು: ಜುಲೈಯಲ್ಲಿ ಹಿಮ ಹೇಗೆ ಬೀಳುತ್ತದೆ? ದಕ್ಷಿಣ ಗೋಳಾರ್ಧ, ಅಯನ ಸಂಕ್ರಾಂತಿ, ಭೂಮಿಯ ಅಕ್ಷದ ಓರೆ, ಇವೆಲ್ಲವನ್ನೂ ನಾನು ಹಿಂದೆ ಗ್ಲೋಬ್ ತಿರುಗಿಸಿ ತಿರುಗಿಸಿ ಹೇಳಿದವನೇ. ಆ ಒಂದು ಪ್ರಶ್ನೆಯ ಮೇಲೆ ನಡೆದ ಪಾಠವನ್ನು ಆ ತಂಡದ ಮಕ್ಕಳು ಇಂದಿಗೂ ಮರೆತಿಲ್ಲ. ಮಕರ ಸಂಕ್ರಾಂತಿ ವೃತ್ತ ಸಾವೊ ಪಾಲೊ ನಗರದ ಹತ್ತಿರ ಹಾದುಹೋಗುತ್ತದೆ ಎಂಬುದನ್ನು ಅವರೇ ಅಟ್ಲಾಸಿನಲ್ಲಿ ಹುಡುಕಿದರು.

ಎರಡನೆಯದೂ ಕಾಫಿಯದೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾಗಿ, ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಸುಯೆಜ್ ಕಾಲುವೆ ಬಿಟ್ಟು ಗುಡ್ ಹೋಪ್ ಭೂಶಿರ ಬಳಸಿದರೆ ಪ್ರಯಾಣಕ್ಕೆ ಹತ್ತಾರು ದಿನ ಹೆಚ್ಚು, ಬಾಡಿಗೆಯೂ ಹೆಚ್ಚು. ಹಾಗಾದರೆ ಆ ಕಾಲುವೆ ತೆರೆದ 1869ಕ್ಕೆ ಮೊದಲು ಎಲ್ಲ ಹಡಗುಗಳೂ ಹೀಗೆಯೇ ಹೋಗುತ್ತಿದ್ದವೇ ಎಂದು ಮಕ್ಕಳು ಕೇಳಿದರೆ ಅರ್ಧ ಪಾಠ ಮುಗಿದಂತೆ. 1488ರಲ್ಲಿ ಬಾರ್ತಲೋಮಿಯೊ ಡಯಾಸ್ ಆ ಭೂಶಿರ ದಾಟಿದ್ದು, 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು, ಅದಕ್ಕೂ ಮೊದಲು 1453ರಲ್ಲಿ ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದದ್ದು, ಎಲ್ಲಕ್ಕೂ ವಿಳಾಸ ನಮ್ಮ ತೋಟದ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಕಲ್ಲಿಕೋಟೆ ನಮ್ಮ ಮಕ್ಕಳಿಗೆ ದೂರದ ಊರಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಮದುವೆಗೆ, ಆಸ್ಪತ್ರೆಗೆ ಹೋಗಿಬಂದವರು ತರಗತಿಯಲ್ಲಿ ಯಾವಾಗಲೂ ಇರುತ್ತಾರೆ.

ಭೂಸಂಧಿ, ಜಲಸಂಧಿ ಎರಡನ್ನೂ ಅದಲು ಬದಲು ಮಾಡದ ಮಗುವನ್ನು ನಾನು ಹಿಂದೆ ಕಂಡಿರಲಿಲ್ಲ. ಈಗ ನಾಟಿಗೆ ಮೊದಲು ನೀರು ನಿಲ್ಲಿಸಿದ ಗದ್ದೆಗೆ ಕರೆದೊಯ್ಯುತ್ತೇನೆ. ಎರಡು ಗದ್ದೆಗಳ ನೀರಿನ ನಡುವಿನ ಬದು ಭೂಸಂಧಿ. ಗದ್ದೆಯವರ ಅನುಮತಿ ಪಡೆದು ಬದುವನ್ನು ಗುದ್ದಲಿಯಿಂದ ಕಡಿದರೆ ಅದು ಸುಯೆಜ್. ಯಾರೂ ಕಡಿಯದೆ ತಾನಾಗಿ ಎರಡು ನೀರುಗಳನ್ನು ಸೇರಿಸುವ ಕಿರಿದಾದ ದಾರಿ ಕೆಂಪು ಸಮುದ್ರದ ದಕ್ಷಿಣ ತುದಿಯ ಬಾಬ್ ಎಲ್ ಮಂದೇಬ್, ಅಂದರೆ ಜಲಸಂಧಿ. ಕಡಿದ ಬದುವನ್ನು ಮಕ್ಕಳೇ ಮುಚ್ಚಿ ಮೆತ್ತಬೇಕು. ಆ ಕೆಲಸ ಕಡ್ಡಾಯ, ಇಲ್ಲದಿದ್ದರೆ ಮರುವರ್ಷ ಯಾರೂ ಗದ್ದೆಗೆ ಇಳಿಸುವುದಿಲ್ಲ.

ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ತೋಟದ ಮಾಲೀಕರ ಮಕ್ಕಳಿಗೆ ಮಾತ್ರ ಹೊಂದುವ ವಿಳಾಸ ನನಗೆ ಬೇಡ. ನೆಡುತೋಪು ಬೇಸಾಯ ಎಂಬ ಪದವನ್ನು ಇಡೀ ತರಗತಿಗೆ ವಿವರಿಸಿದವರು ಲೈನ್ ಮನೆಯ ಮಕ್ಕಳೇ: ಒಂದೇ ಬೆಳೆ, ದೂರದ ಮಾರುಕಟ್ಟೆ, ಹೊರಗಿನಿಂದ ಬಂದ ದುಡಿಮೆ, ಕಿಲೋ ಲೆಕ್ಕದಲ್ಲಿ ಕೊಯ್ಲಿನ ಕೂಲಿ. ಅಲ್ಲಿಂದ ಅಟ್ಲಾಂಟಿಕ್ ಗುಲಾಮ ವ್ಯಾಪಾರಕ್ಕೆ ಹೋದೆ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಜನರಿಂದ ಬ್ರೆಜಿಲ್‌ನ ಕಬ್ಬು, ಕಾಫಿ ತೋಟಗಳು ಬೆಳೆದವು. ಅಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಕೂಲಿಗೂ ಗುಲಾಮಗಿರಿಗೂ ಇರುವ ವ್ಯತ್ಯಾಸವನ್ನು ಒಬ್ಬ ಹುಡುಗ ಹೇಳಿದ ರೀತಿಯನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ. ನಮ್ಮವರು ಕೆಲಸ ಬಿಟ್ಟು ಇನ್ನೊಂದು ತೋಟಕ್ಕೆ ಹೋಗಬಹುದು ಎಂದ. ಅಷ್ಟನ್ನೇ ಬೋರ್ಡಿನ ಮೇಲೆ ಬರೆದೆ.

ಹಿತ್ತಲಿನ ಪಟ್ಟಿ ಎಂಬ ಮನೆಗೆಲಸ ಎಲ್ಲರಿಗೂ ಪ್ರಿಯ. ಮನೆಯ ಸುತ್ತ ಬೆಳೆದದ್ದನ್ನು ಬರೆದು ಪ್ರತಿಯೊಂದರ ಮೂಲ ಖಂಡ ಹುಡುಕಬೇಕು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸೀಬೆ, ಪಪ್ಪಾಯಿ, ಅನಾನಸ್, ಮರಗೆಣಸು, ಬೆಣ್ಣೆ ಹಣ್ಣು, ಬೇಲಿಯ ಲಂಟಾನ, ಎಲ್ಲವೂ ಅಮೆರಿಕ ಖಂಡಗಳವು. ಅರೇಬಿಕಾ ಇಥಿಯೋಪಿಯಾದ್ದು, ರೊಬಸ್ಟಾ ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ್ದು, ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದ್ದು. ಇಲ್ಲಿಯದೇ ಆದ ಕರಿಮೆಣಸನ್ನು ಹುಡುಕಿಕೊಂಡು ಬಂದವರ ಹಡಗುಗಳ ಹಿಂದೆಯೇ ಹಸಿಮೆಣಸಿನಕಾಯಿ ಬಂದಿತು ಎಂದಾಗ ಮಕ್ಕಳು ನಂಬುವುದಿಲ್ಲ, ಮನೆಗೆ ಹೋಗಿ ಅಜ್ಜಿಯೊಡನೆ ವಾದಿಸುತ್ತಾರೆ. ವಾದಿಸಲಿ. ಭೌಗೋಳಿಕ ಅನ್ವೇಷಣೆಗಳ ಪರಿಣಾಮಗಳು ಎಂಬ ನಾಲ್ಕು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಮಳೆ ನೆರಳಿನ ಪ್ರದೇಶಕ್ಕೆ, ಅಂದರೆ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವ ಜಾಗಕ್ಕೆ, ನಾನು ಪುಸ್ತಕ ತೆರೆಯುವುದೇ ಇಲ್ಲ. ಕೊಡಗಿನ ಹೆಚ್ಚಿನ ತೋಟಗಳಲ್ಲಿ ಮಳೆಮಾಪಕ, ಇಂಚಿನ ಲೆಕ್ಕದ ದಾಖಲೆ ಪುಸ್ತಕ ಇರುತ್ತವೆ. ಭಾಗಮಂಡಲ ಕಡೆಯ ನೆಂಟರಿಂದ, ಮಡಿಕೇರಿಯಿಂದ, ಸುಂಟಿಕೊಪ್ಪದಿಂದ, ಕುಶಾಲನಗರದಿಂದ ಮಕ್ಕಳು ಅಂಕಿಗಳನ್ನು ತರುತ್ತಾರೆ. ಘಟ್ಟದ ನೆತ್ತಿಯಲ್ಲಿ ಇನ್ನೂರು ಇಂಚು ಮೀರುವ ಮಳೆ ಕುಶಾಲನಗರ ತಲುಪುವಾಗ ನಲವತ್ತರ ಆಸುಪಾಸಿಗೆ ಇಳಿಯುತ್ತದೆ. ಹಾರುವ ಹಕ್ಕಿಗೆ ಐವತ್ತು ಕಿಲೋಮೀಟರ್ ಕೂಡ ಇಲ್ಲದ ದೂರ! ಇದೇ ಅಂಕಿಗಳಿಂದ ಸಮ ಮಳೆ ರೇಖೆಗಳನ್ನೂ ಎಳೆಸುತ್ತೇನೆ. ಜಲವಿಭಾಜಕಕ್ಕೆ ಕಾವೇರಿ ಮತ್ತು ಬಾರಾಪೊಳೆ ಸಾಕು. ಒಂದೇ ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟಿ ಒಂದು ಪೂರ್ವಕ್ಕೆ ಬಂಗಾಳ ಕೊಲ್ಲಿಗೂ ಇನ್ನೊಂದು ಪಶ್ಚಿಮಕ್ಕೆ ಅರಬ್ಬೀ ಸಮುದ್ರಕ್ಕೂ ಹೋಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನನ್ನ ಅಚ್ಚುಮೆಚ್ಚಿನ ಪ್ರಯೋಗದ ಬಗ್ಗೆ ಹೇಳಬೇಕು. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು ಅತಿ ಗಿಡ್ಡ ನೆರಳು ಯಾವಾಗ ಬೀಳುತ್ತದೆ ಎಂದು ಗುರುತಿಸುತ್ತೇವೆ. ಭಾರತದ ಪ್ರಮಾಣ ವೇಳೆ 82½ ಡಿಗ್ರಿ ಪೂರ್ವ ರೇಖಾಂಶದ್ದು. ಮಡಿಕೇರಿ ಸುಮಾರು 75¾ ಡಿಗ್ರಿಯಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸ್ಥಾನಿಕ ಮಧ್ಯಾಹ್ನ ಹನ್ನೆರಡೂ ಇಪ್ಪತ್ತೇಳಕ್ಕೆ ಬರಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಹಾಗೆಯೇ ಬರುತ್ತದೆ. ಆದರೆ ನವೆಂಬರ್ ಆರಂಭದಲ್ಲಿ ಹನ್ನೆರಡೂ ಹತ್ತರ ಹತ್ತಿರವೇ ಬಂದುಬಿಡುತ್ತದೆ, ಫೆಬ್ರವರಿ ನಡುವೆ ಹನ್ನೆರಡೂ ನಲವತ್ತಕ್ಕೆ ಹೋಗುತ್ತದೆ. ಭೂಮಿಯ ಅಕ್ಷ ಓರೆಯಾಗಿರುವುದು, ಕಕ್ಷೆ ಅಂಡಾಕಾರದ್ದಾಗಿರುವುದು ಇದಕ್ಕೆ ಕಾರಣ. ಪರೀಕ್ಷೆಗೆ ಇದು ಬೇಡ, ಆದರೂ ಬಿಡಲು ಮನಸ್ಸಿಲ್ಲ. ಹಗಲು ರಾತ್ರಿ ಸಮವಾಗುವ ವಿಷುವದ ದಿನ, ಮಾರ್ಚ್ 21ರ ಹೊತ್ತಿಗೆ, ಆ ಕೋಲಿನ ಮಧ್ಯಾಹ್ನದ ನೆರಳು 22 ಸೆಂಟಿಮೀಟರ್ ಇರುತ್ತದೆ. ಕೋನ ಅಳೆದರೆ ಹನ್ನೆರಡು ಡಿಗ್ರಿ ಚಿಲ್ಲರೆ, ಅದೇ ನಮ್ಮ ಅಕ್ಷಾಂಶ. ತನ್ನ ಅಕ್ಷಾಂಶವನ್ನು ಕೋಲಿನಿಂದ ಅಳೆದ ಮಗುವಿಗೆ ಅಕ್ಷಾಂಶ ಯಾವುದು, ರೇಖಾಂಶ ಯಾವುದು ಎಂಬ ಗೊಂದಲ ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಖರ್ಚು ಸೊನ್ನೆ.

ಆ ಅಕ್ಷಾಂಶವನ್ನೇ ಹಿಡಿದು ಶೀತಲ ಸಮರಕ್ಕೆ ಹೋಗುತ್ತೇನೆ. ಕೊರಿಯಾ ಇಬ್ಭಾಗವಾದದ್ದು 38 ಡಿಗ್ರಿ ಉತ್ತರದಲ್ಲಿ. 1953ರ ಯುದ್ಧವಿರಾಮದ ನಂತರ ತಾಯ್ನಾಡಿಗೆ ಮರಳಲು ಒಪ್ಪದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ನಡೆಸುತ್ತ 1965ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮನೆ ಸನ್ನಿ ಸೈಡ್ ಈಗ ವಸ್ತು ಸಂಗ್ರಹಾಲಯ. ಅಲಿಪ್ತ ನೀತಿ, ಯುದ್ಧವಿರಾಮ, ಯುದ್ಧಕೈದಿ, ಶಾಂತಿಪಾಲನಾ ಪಡೆ ಎಂಬ ನಾಲ್ಕು ಪದಗಳಿಗೆ ಒಂದೇ ಮನೆ ವಿಳಾಸ. ನಿರಾಶ್ರಿತ ಎಂಬ ಪದಕ್ಕೆ ಕುಶಾಲನಗರ ದಾಟಿದರೆ ಸಿಗುವ ಟಿಬೆಟನ್ನರ ನೆಲೆ ಬೈಲಕುಪ್ಪೆ. ಕೊಡಗಿನ ಗಡಿ ದಾಟಿ ನಾನು ಅನುಮತಿಸಿದ ವಿಳಾಸ ಅದೊಂದೇ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಕೊಡಗನ್ನು ಬ್ರಿಟಿಷರು ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯಿಂದ ಕಿತ್ತುಕೊಂಡರು ಎಂದು ಮಕ್ಕಳು ಬರೆಯುತ್ತಲೇ ಇದ್ದರು. ಆ ನೀತಿಯನ್ನು ಜಾರಿಗೆ ತಂದ ಗವರ್ನರ್ ಜನರಲ್ ಡಾಲ್‌ಹೌಸಿ ಬಂದದ್ದು 1848ರಲ್ಲಿ, ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾದದ್ದು ಬೆಂಟಿಂಕ್‌ನ ಕಾಲದಲ್ಲಿ, 1834ರಲ್ಲಿ, ದುರಾಡಳಿತದ ನೆಪದಿಂದ. ಮಡಿಕೇರಿ ಕೋಟೆಯಲ್ಲಿ ನಿಲ್ಲಿಸಿ ಇದನ್ನು ಹೇಳಿದ ಮೇಲಷ್ಟೇ ಸರಿಯಾಯಿತು. ಊಳಿಗಮಾನ್ಯ ಪದ್ಧತಿಗೆ ಜಮ್ಮಾ ಭೂಮಿಯನ್ನು ವಿಳಾಸ ಮಾಡಿ ನೋಡಿದೆ. ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಎಂಬಷ್ಟರ ಮಟ್ಟಿಗೆ ಹೊಂದುತ್ತದೆ, ಆದರೆ ಯುರೋಪಿನ ಜಹಗೀರುದಾರ, ಜೀತದ ರೈತ ಇಲ್ಲಿ ಹಾಗೆಯೇ ಸಿಗುವುದಿಲ್ಲ. ಜೊತೆಗೆ ಜಮ್ಮಾ ಇಲ್ಲದ ಮಕ್ಕಳು ಮೌನವಾದರು. ಕೈಬಿಟ್ಟೆ. ಯುರೋಪಿನ ಪುನರುಜ್ಜೀವನಕ್ಕೆ ವಿಳಾಸ ಇನ್ನೂ ಸಿಕ್ಕಿಲ್ಲ, ಅದನ್ನು ಹಳೆಯ ರೀತಿಯಲ್ಲೇ ಓದಿಸುತ್ತಿದ್ದೇನೆ.

ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು, ಎಸ್‌ಎಸ್‌ಎಲ್‌ಸಿಯಲ್ಲಿ ಕೇಳುವುದು ವ್ಯಾಖ್ಯೆಯನ್ನೇ ಹೊರತು ನಿಮ್ಮ ಮೆಣಸಿನ ಬಳ್ಳಿಯನ್ನಲ್ಲ ಎಂದಿದ್ದರು. ಅವರಿಗೆ ನನ್ನ ಉತ್ತರ ಈ ಲೆಕ್ಕ: ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾಗ ಹಠಾತ್ತನೆ ಇಪ್ಪತ್ತು ಪದಗಳ ವ್ಯಾಖ್ಯೆ ಕೇಳಿದರೆ ಹತ್ತನ್ನಾದರೂ ಸರಿ ಹೇಳುವವರು ಹಿಂದೆ ಏಳೆಂಟು ಮಂದಿ. ಈಗ ಮೂವತ್ತರ ಹತ್ತಿರ. ಬೇಸಿಗೆ ರಜೆ ಕಳೆದು ಬಂದ ಮೇಲೆ ಕೇಳಿದರೂ ಇಪ್ಪತ್ತೈದಕ್ಕೆ ಇಳಿಯುವುದಿಲ್ಲ. ಕಳೆದ ಕೆಲವು ವರ್ಷ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನದಲ್ಲಿ ನಪಾಸಾದವರು ಒಬ್ಬರೋ ಇಬ್ಬರೋ. ಸುತ್ತಮುತ್ತ ಇಂಥ ಫಲಿತಾಂಶ ಬೇರೆ ಕಡೆ ಇದ್ದರೆ ನನಗೆ ತೋರಿಸಲಿ.

ವರ್ಷದ ಖರ್ಚು ಒಟ್ಟು ಸಾವಿರದ ಇನ್ನೂರರ ಒಳಗೆ: ನೋಟ್ ಪುಸ್ತಕ, ಹಗ್ಗ, ಸುಣ್ಣ, ಮಳೆಮಾಪಕಕ್ಕೆ ಬಾಟಲಿ. ತಲಕಾವೇರಿಗೆ ಜೀಪು ಮಾಡಿದ ವರ್ಷ ನಾಲ್ಕು ಸಾವಿರ ಹೆಚ್ಚಾಯಿತು. ಪ್ರತಿ ಶನಿವಾರ ಕೇಳುವ ಮೂರು ಪ್ರಶ್ನೆಗಳ ಆಟ ಇವುಗಳನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಮೂರನೆಯ ಪ್ರಶ್ನೆ ಯಾವ ಬಗೆಯದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ, ನನ್ನ ತರಗತಿಯಲ್ಲಿ ಬಂದು ಕುಳಿತವರಿಗೆ ತಾನಾಗಿ ತಿಳಿಯುತ್ತದೆ. ಆರಂಭಿಸುವವರು ಜೂನ್ ಮೊದಲ ವಾರವೇ ಮಳೆಯ ಅಂಕಿಗಳಿಂದ ಆರಂಭಿಸಿ. ಕೋಲಿನ ಪ್ರಯೋಗಕ್ಕೆ ನವೆಂಬರ್ ತನಕ ಬಿಸಿಲು ಸಿಗುವುದಿಲ್ಲ.